ಪಾದದ ಮೇಲಿನ ಉಬ್ಬು

ಡಿಪೋದಲ್ಲಿ ಅವನನ್ನು ಎಲ್ಲರೂ ರೇಷ್ಮೆ ಎಂದೇ ಕರೆಯುತ್ತಿದ್ದರು. ಬ್ರೇಕ್ ಹಾಕಿದ್ದು ಗೊತ್ತೇ ಆಗದ ಹಾಗೆ, ಬೆಣ್ಣೆಯಿಂದ ಕೂದಲು ಎಳೆದಷ್ಟು ನಯವಾಗಿ ಬಸ್ಸು ನಿಲ್ಲಿಸುವ ಡ್ರೈವರ್ ಅವನು. ಅವನ ಬಸ್ಸಿನಲ್ಲಿ ನಿಂತು ಹೋಗುವ ಮುದುಕಿಯರು ಕೂಡ ಕಂಬಿ ಹಿಡಿಯುವುದನ್ನು ಮರೆತು ಕೈ ತಿರುಗಿಸಿ ಹರಟುತ್ತಿದ್ದರು. ಬಸ್ಸಿನ ಕಂಡಕ್ಟರ್ ಅವನ ಹೆಂಡತಿಯ ತಮ್ಮ. ಭಾವ ಸ್ಟಿಯರಿಂಗಿನ ಮುಂದೆ, ಭಾಮೈದ ಬಾಗಿಲಲ್ಲಿ. ‘ಇದು ಬಸ್ಸಲ್ಲ ಕಣ್ರೀ, ನೆಂಟರ ಮನೆ’ ಎಂದು ಉಳಿದವರು ಆಡಿಕೊಳ್ಳುತ್ತಿದ್ದರೂ ಆ ಜೋಡಿಯನ್ನು ಒಡೆಯುವ ಮನಸ್ಸು ಯಾರಿಗೂ ಇರಲಿಲ್ಲ.

ಹಾಗಾಗಿ ಮಾರುಕಟ್ಟೆ ತಿರುವಿನಲ್ಲಿ ಬಸ್ಸು ಮೊದಲ ಸಲ ಮುಗ್ಗರಿಸಿದಾಗ ಕಂಡಕ್ಟರನಿಗೆ ನಂಬಲಾಗಲಿಲ್ಲ. ಗುಡ್ಡದ ಮೇಲಿನ ಬಡಾವಣೆಗಳಿಂದ ಕೆಳಗಿನ ಪೇಟೆಗೆ ಇಳಿಯುವ ರಸ್ತೆ ಅದು. ಇಳಿಜಾರು ಮುಗಿದು ನೆಲ ಸಮವಾಗುವ ಕಡೆ ಹಣ್ಣಿನ ನೂಕುಗಾಡಿಯೊಂದು ಅಡ್ಡ ಬಂದಿತ್ತು. ಭಾವ ಅದನ್ನು ದೂರದಿಂದಲೇ ನೋಡಿದ್ದ, ಹಾರ್ನ್ ಕೂಡ ಹೊಡೆದಿದ್ದ. ಆದರೆ ಎಂಜಿನ್ನಿನ ಸದ್ದು ಇಳಿಯುವ ಬದಲು ಹಾಗೇ ಗುರುಗುಟ್ಟುತ್ತ ಉಳಿಯಿತು; ಆಮೇಲೆ ಬ್ರೇಕು ರಪ್ಪನೆ ಬಿತ್ತು. ನಿಂತವರು ಒಬ್ಬರ ಮೇಲೊಬ್ಬರು ವಾಲಿದರು. ಗಾಡಿಯವನು ಗಾಡಿ ಬಿಟ್ಟು ಹಿಂದಕ್ಕೆ ಹಾರಿದ್ದ. ಬಂಪರಿಗೂ ಹಣ್ಣಿನ ರಾಶಿಗೂ ನಡುವೆ ಒಂದು ಗೇಣು ಜಾಗ ಉಳಿದಿತ್ತು.

“ಏನಾಯ್ತು ಭಾವ?”

“ಪೆಡಲ್ ಅಂಟಿಕೊಳ್ತು. ಮೆಕ್ಯಾನಿಕ್‌ಗೆ ಹೇಳ್ಬೇಕು.”

ಮೆಕ್ಯಾನಿಕ್ ಆ ಸಂಜೆಯೇ ಸೀಟಿನ ಕೆಳಗೆ ತಲೆ ತೂರಿಸಿ ನೋಡಿದ. ಈಚೆಗಷ್ಟೇ ಕೆಲಸ ಖಾಯಮಾದ, ಎಲ್ಲದಕ್ಕೂ ‘ಆಗ್ಲಿ ಅಣ್ಣ’ ಎನ್ನುವ ಹುಡುಗುಮುಖದ ಮನುಷ್ಯ. ಪೆಡಲು ಒತ್ತಿದ, ಬಿಟ್ಟ, ಮತ್ತೆ ಒತ್ತಿದ. “ಇದರಲ್ಲಿ ಅಂಟೋಂಥದ್ದು ಏನೂ ಇಲ್ಲವಲ್ಲ ಅಣ್ಣ,” ಎಂದ. ಭಾವ ಅವನ ಕಡೆ ನೋಡದೆ ಕೈ ತೊಳೆಯಲು ಹೋದ.

ಭಾನುವಾರ ಅಕ್ಕನ ಮನೆಗೆ ಹೋದಾಗ ಕಂಡಕ್ಟರನ ಕಿವಿಗೆ ಇನ್ನೊಂದು ಸದ್ದು ಬಿತ್ತು. ಭಾವ ಬಚ್ಚಲಿನಿಂದ ನಡುಮನೆಗೆ ಬರುವಾಗ ಒಂದು ಹೆಜ್ಜೆ ಸದ್ದಿಲ್ಲದೆ, ಇನ್ನೊಂದು ಹೆಜ್ಜೆ ‘ಟಪ್’ ಎಂದು ಬೀಳುತ್ತಿತ್ತು. ಬಲಗಾಲನ್ನು ಅವನು ಮಂಡಿಯಿಂದ ಮೇಲೆತ್ತಿ, ನೀರಿನಲ್ಲಿ ನಡೆಯುವವನ ಹಾಗೆ ಇಡುತ್ತಿದ್ದ.

“ನೋಡೋ ನಿಮ್ಮ ಭಾವನ್ನ,” ಅಕ್ಕ ನಕ್ಕಳು. “ಈಚೆಗೆ ಕವಾಯತಿನ ಸಿಪಾಯಿ ಥರ ನಡೀತಾರೆ. ಯಾರಿಗೆ ಸಲ್ಯೂಟ್ ಹೊಡೀಬೇಕೂಂತಿದ್ದಾರೋ.”

ಭಾವನೂ ನಕ್ಕ. ಆದರೆ ಹೊಸಿಲು ದಾಟುವಾಗ ಬಲಗಾಲಿನ ಬೆರಳುಗಳು ಮರಕ್ಕೆ ತಾಗಿ ಅವನು ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡದ್ದನ್ನು ಕಂಡಕ್ಟರ್ ನೋಡಿದ. ಹೊರಡುವಾಗ ಬಾಗಿಲ ಬಳಿ ಬಿಟ್ಟಿದ್ದ ಭಾವನ ಚಪ್ಪಲಿಗಳನ್ನು ಎತ್ತಿ ನೋಡಿದ. ಎಡಗಾಲಿನದು ಎಲ್ಲರ ಚಪ್ಪಲಿಯಂತೆ ಹಿಮ್ಮಡಿಯ ಕಡೆ ಸವೆದಿತ್ತು. ಬಲಗಾಲಿನದರ ಮೂತಿ ತೇಯ್ದು ಹೋಗಿತ್ತು.

ಮರುದಿನ ಮಧ್ಯಾಹ್ನ ಡಿಪೋದ ವಿಶ್ರಾಂತಿ ಕೋಣೆಯಲ್ಲಿ ಇಬ್ಬರೇ ಇದ್ದರು. ಗೋಡೆಗುಂಟ ಕಬ್ಬಿಣದ ಮಂಚಗಳು, ಮೂಲೆಯಲ್ಲಿ ಸೋರುವ ನಲ್ಲಿ. ಕಂಡಕ್ಟರ್ ಬಾಗಿಲು ಮುಂದೆ ಮಾಡಿ ಬಂದು ಎದುರಿಗೆ ಕೂತ.

“ಭಾವ, ಪೆಡಲ್ ಸರಿ ಇದೆ. ನಿಮ್ಮ ಕಾಲಿಗೆ ಏನಾಗಿದೆ?”

“ಏನೂ ಆಗಿಲ್ಲ.”

“ಶೂ ಬಿಚ್ಚಿ.”

ಭಾವ ಅವನನ್ನೇ ದಿಟ್ಟಿಸಿದ. ಬಯ್ಯುತ್ತಾನೆ ಎಂದುಕೊಂಡ ಕಂಡಕ್ಟರ್. ಆದರೆ ಭಾವ ಪ್ಯಾಂಟಿನ ಬಲಗಾಲನ್ನು ಮೇಲೆಳೆದ. ಮಂಡಿಯ ಕೆಳಗೆ ಒಂದು ಹಳೆಯ ಬೆಲ್ಟು ಬಿಗಿದಿತ್ತು. ಅದರಿಂದ ಟ್ಯೂಬಿನ ರಬ್ಬರಿನ ಪಟ್ಟಿಯೊಂದು ಇಳಿದು, ಶೂವಿನ ಲೇಸಿಗೆ ಕೊಕ್ಕೆಯಿಂದ ಸಿಕ್ಕಿಕೊಂಡಿತ್ತು. ಜೋತುಬೀಳುವ ಪಾದವನ್ನು ಆ ಪಟ್ಟಿ ಮೇಲಕ್ಕೆ ಎಳೆದು ಹಿಡಿದಿತ್ತು.

“ಒತ್ತೋಕೆ ಬಲ ಇದೆ,” ಭಾವ ಮೆಲ್ಲಗೆ ಹೇಳಿದ. “ಎತ್ತೋಕೆ ಆಗಲ್ಲ. ಆಕ್ಸಿಲರೇಟರ್ ಮೇಲಿಂದ ಪಾದ ಎತ್ತೋಕೆ ಹೋದ್ರೆ ಯಾರೋ ಕೆಳಗಿಂದ ಹಿಡ್ಕೊಂಡ ಹಾಗೆ. ಅದಕ್ಕೆ ಇದನ್ನ ಮಾಡ್ಕೊಂಡೆ. ಚೆನ್ನಾಗೇ ಕೆಲಸ ಮಾಡತ್ತೆ.”

“ಡಾಕ್ಟರಿಗೆ ತೋರಿಸ್ಲಿಲ್ವಾ?”

“ತೋರಿಸಿದ್ರೆ ಏನಂತಾರೆ? ಲಕ್ವ ಅಂತಾರೆ. ನಮ್ಮಮ್ಮನಿಗೂ ಹೀಗೇ ಒಂದು ಕಾಲಿಂದ ಶುರುವಾಗಿದ್ದು. ಆಮೇಲೆ ಕೈ, ಆಮೇಲೆ ಮಾತು. ಹಾಸಿಗೆ ಮೇಲೇ ಹೋದ್ರು.” ಭಾವ ಪ್ಯಾಂಟನ್ನು ಕೆಳಗೆಳೆದುಕೊಂಡ. “ಇರೋವಷ್ಟು ದಿನ ಓಡಿಸ್ತೀನಿ ಕಣೋ. ನಿನ್ನ ಕಾಲು ಹಿಡ್ಕೊತೀನಿ, ನಿಮ್ಮಕ್ಕಂಗೆ ಮಾತ್ರ ಹೇಳ್ಬೇಡ.”

ಅಪ್ಪ ತೀರಿಕೊಂಡ ಮೇಲೆ ಕಂಡಕ್ಟರನನ್ನು ಓದಿಸಿದವನು, ಈ ಕೆಲಸಕ್ಕೆ ಸೇರಿಸಿದವನು ಈ ಭಾವ. ಹಾಗಿರುವಾಗ ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡ ಹಾಗಾಯಿತು ಅವನಿಗೆ, ನುಂಗುವಂತಿಲ್ಲ, ಉಗುಳುವಂತಿಲ್ಲ. “ರಜಾ ಹಾಕಿ ಭಾವ,” ಎಂದ. “ಹಾಕ್ತೀನಿ, ಈ ವಾರ ಕಳೀಲಿ,” ಎಂದ ಭಾವ. ಕಂಡಕ್ಟರ್ ಒಪ್ಪಿದ. ಒಪ್ಪಬಾರದಿತ್ತು ಎಂದು ಒಪ್ಪುವಾಗಲೇ ಅನ್ನಿಸುತ್ತಿತ್ತು.

ಅಂದಿನಿಂದ ಅವನು ಬಸ್ಸಿನ ಹಿಂಭಾಗಕ್ಕೆ ಹೋಗುವುದನ್ನು ಕಡಿಮೆ ಮಾಡಿದ. ಬೇಗ ಬೇಗ ಟಿಕೆಟ್ ಹರಿದು ಮುಂದೆ ಬಂದು, ಡ್ರೈವರ್ ಸೀಟಿನ ಹಿಂದಿನ ಕಂಬಿ ಹಿಡಿದು ನಿಲ್ಲುತ್ತಿದ್ದ. ಕಣ್ಣು ರಸ್ತೆಯ ಮೇಲಲ್ಲ, ಭಾವನ ಬಲಗಾಲಿನ ಮೇಲೆ. ಪ್ರತಿ ನಿಲ್ದಾಣದಲ್ಲೂ ಪಾದ ಎದ್ದು ಬ್ರೇಕಿನ ಮೇಲೆ ಕೂತಾಗ ಉಸಿರು ಬಿಡುತ್ತಿದ್ದ. ಶಾಲೆಗೆ ಹೋಗುವ ಮಕ್ಕಳು ಹತ್ತಿದರಂತೂ ಅವನು ಆ ಕಂಬಿ ಬಿಟ್ಟು ಕದಲುತ್ತಿರಲಿಲ್ಲ. “ಏನ್ರೀ ಕಂಡಕ್ಟರ್, ಡ್ರೈವಿಂಗ್ ಕಲೀತಿದ್ದೀರಾ?” ಎಂದು ದಿನಾ ಬರುವ ಟೈಲರ್ ಕೇಳಿದ. “ಹೂಂ, ಭಾವನ ಹೊಟ್ಟೆ ಮೇಲೆ ಹೊಡೆಯೋಣಾಂತ,” ಎಂದ ಕಂಡಕ್ಟರ್. ಎಲ್ಲರೂ ನಕ್ಕರು. ಭಾವ ಕನ್ನಡಿಯಲ್ಲಿ ಅವನನ್ನು ನೋಡಿದ, ನಗಲಿಲ್ಲ.

ಶುಕ್ರವಾರ ಬಸ್ಸು ಕಿಕ್ಕಿರಿದಿತ್ತು. ಗುಡ್ಡದ ಮೇಲಿನ ಕೊನೆಯ ನಿಲ್ದಾಣ ಬಿಟ್ಟು ಇಳಿಜಾರಿಗೆ ತಿರುಗಿದ್ದೇ ತಡ, ಭಾವನ ಕಾಲ ಬುಡದಲ್ಲಿ ‘ಪಟ್’ ಎಂದು ಸಣ್ಣ ಸದ್ದಾಯಿತು. ರಬ್ಬರ್ ಪಟ್ಟಿ ಹರಿದಿತ್ತು.

ಭಾವ ತಕ್ಷಣ ತೊಡೆಯಿಂದಲೇ ಇಡೀ ಕಾಲನ್ನು ಎತ್ತಿ ಬ್ರೇಕಿನ ಕಡೆ ಎಸೆದ. ಆದರೆ ಪಾದ ಜೋತುಬಿದ್ದಿತ್ತಲ್ಲ, ಶೂವಿನ ಮೂತಿ ಬ್ರೇಕ್ ಪೆಡಲಿನ ಮೇಲೆ ಬೀಳುವ ಬದಲು ಅದರ ಅಂಚಿನ ಕೆಳಗೆ ನುಗ್ಗಿ ಸಿಕ್ಕಿಕೊಂಡಿತು. ಅವನು ಎಳೆದ. ಬರಲಿಲ್ಲ. ಬಸ್ಸು ವೇಗ ಹಿಡಿಯಿತು. ಮುಂದಿನ ತಿರುವಿನಲ್ಲಿ ಎಡಕ್ಕೆ ಬಂಡೆ ಕಡಿದ ಗೋಡೆ, ಬಲಕ್ಕೆ ಮೊಣಕಾಲೆತ್ತರದ ತಡೆಗಲ್ಲುಗಳು, ಅವುಗಳ ಆಚೆ ಬರೀ ಗಾಳಿ.

“ಕಾಲು!” ಭಾವ ಕೂಗಿದ. “ಕಾಲು ಕಣೋ!”

ಕಂಡಕ್ಟರ್ ಟಿಕೆಟಿನ ಚೀಲ ಎಸೆದು ಗೇರಿನ ಪಕ್ಕ ಮಂಡಿಯೂರಿ ಬಗ್ಗಿದ. ಭಾವ ಎಡಗೈಯಲ್ಲಿ ಹ್ಯಾಂಡ್ ಬ್ರೇಕ್ ಎಳೆದಿದ್ದ. ಬಸ್ಸು ಗಡಗಡ ನಡುಗುತ್ತ ಹಿಂಬದಿಯನ್ನು ಆಚೀಚೆ ಬೀಸುತ್ತಿತ್ತು. ಹಿಂದೆ ಯಾರೋ ಕಿರುಚಿದರು. ಕಂಡಕ್ಟರ್ ಎರಡೂ ಕೈಯಲ್ಲಿ ಭಾವನ ಕಾಲಿನ ಹರಡನ್ನು ಹಿಡಿದು ಹಿಂದಕ್ಕೆ ಜಗ್ಗಿದ. ಶೂ ಅಲುಗಲಿಲ್ಲ. ಬೆರಳು ತೂರಿಸಿ ಲೇಸು ಸಡಿಲ ಮಾಡಲು ನೋಡಿದ, ಗಂಟು ಬಿಚ್ಚಿಕೊಳ್ಳಲಿಲ್ಲ. ಕೊನೆಗೆ ಹಿಮ್ಮಡಿಯ ಕಡೆಯಿಂದ ಶೂವನ್ನು ಒತ್ತಿ ಹಿಡಿದು, “ಎಳೀರಿ ಭಾವ!” ಎಂದು ಅರಚಿದ. ಪಾದ ಶೂವಿನಿಂದ ಕಳಚಿ ಬಂತು. ಒಳಗೆ ಪಾದವಿಲ್ಲದೆ ಮೆತ್ತಗಾದ ಶೂವನ್ನು ಪೆಡಲಿನ ಅಡಿಯಿಂದ ಕಿತ್ತೆಸೆದು, ಆ ಬರಿಗಾಲನ್ನು ಕಂಡಕ್ಟರನೇ ಕೈಯಾರೆ ಎತ್ತಿ ಪೆಡಲಿನ ಮೇಲಿಟ್ಟ. ಭಾವ ಒತ್ತಿದ. ಒತ್ತುವ ಬಲಕ್ಕೇನೂ ಕೊರತೆ ಇರಲಿಲ್ಲ.

ಬಸ್ಸು ಎಡಬದಿಯನ್ನು ಬಂಡೆಗೆ ಉಜ್ಜುತ್ತ, ಕಿಡಿ ಹಾರಿಸುತ್ತ, ತಿರುವಿನ ನಡುವೆ ನಿಂತಿತು. ಒಂದು ದೀಪ ಪುಡಿಯಾಗಿತ್ತು. ಮುಂದಿನ ಸೀಟಿನ ಹೆಂಗಸಿನ ಹಣೆ ಕಂಬಿಗೆ ಬಡಿದು ರಕ್ತ ಸುರಿಯುತ್ತಿತ್ತು. ಕಂಡಕ್ಟರ್ ತನ್ನ ಕರವಸ್ತ್ರವನ್ನು ಅವಳ ಹಣೆಗೆ ಒತ್ತಿ ಹಿಡಿದ. ಅವಳು ಅದನ್ನು ಕಸಿದುಕೊಂಡು ತಾನೇ ಒತ್ತಿಕೊಂಡಳು.

“ಬ್ರೇಕ್ ಫೇಲಾ?” ಟೈಲರ್ ಕೇಳಿದ.

ಭಾವನ ಮುಖ ಸುಣ್ಣದಂತಾಗಿತ್ತು. ಹರಿದ ರಬ್ಬರ್ ಪಟ್ಟಿಯನ್ನು ಮುದುರಿ ಜೇಬಿಗೆ ಹಾಕಿಕೊಳ್ಳುತ್ತ, “ಹೂಂ,” ಎಂದ.

ಆ ಒಂದು ‘ಹೂಂ’ ಮರುದಿನ ಡಿಪೋ ಮ್ಯಾನೇಜರ್ ಕೋಣೆಯವರೆಗೂ ಬಂದಿತ್ತು. ಮೇಜಿನ ಆಚೆ ಮ್ಯಾನೇಜರ್, ಈಚೆ ಭಾವ, ಕಂಡಕ್ಟರ್, ಮತ್ತು ಕಿಟಕಿಯ ಬಳಿ ಕೈ ಕಟ್ಟಿಕೊಂಡು ನಿಂತ ಮೆಕ್ಯಾನಿಕ್.

“ಸಾರ್, ರಾತ್ರಿಯೆಲ್ಲಾ ಬಿಚ್ಚಿ ನೋಡಿದ್ದೀನಿ,” ಮೆಕ್ಯಾನಿಕ್ ಹೇಳುತ್ತಿದ್ದ. “ಬ್ರೇಕಲ್ಲಿ ಒಂದು ದೋಷ ಇಲ್ಲ.”

“ಬಿಚ್ಚಿ ನೋಡೋ ನೆಪದಲ್ಲಿ ರಿಪೇರಿ ಮಾಡಿಲ್ಲ ಅಂತ ಹೇಗಪ್ಪಾ ನಂಬೋದು? ಹೋದ ವಾರಾನೇ ಪೆಡಲ್ ಅಂಟ್ತಿದೆ ಅಂತ ಡ್ರೈವರ್ ನಿನಗೆ ಹೇಳಿದ್ರಂತಲ್ಲ. ಜನ ಸತ್ತಿದ್ರೆ?” ಮ್ಯಾನೇಜರ್ ಕನ್ನಡಕ ತೆಗೆದಿಟ್ಟರು. “ವಿಚಾರಣೆ ಮುಗಿಯೋವರೆಗೂ ನೀನು ಡಿಪೋಗೆ ಬರೋದು ಬೇಡ.”

ಮೆಕ್ಯಾನಿಕ್ ಭಾವನ ಕಡೆ ತಿರುಗಿದ. “ಅಣ್ಣ, ನೀವಾದ್ರೂ ಹೇಳಿ. ನಾನು ನಿಮ್ಮೆದುರೇ ನೋಡಿದ್ನಲ್ಲ?”

ಭಾವ ನೆಲ ನೋಡುತ್ತಿದ್ದ. ಈಗ ಹೇಳುತ್ತಾನೆ, ಈಗ ಹೇಳುತ್ತಾನೆ ಎಂದು ಕಂಡಕ್ಟರ್ ಕಾದ. ಫ್ಯಾನು ತಿರುಗುತ್ತಿತ್ತು. ಹೊರಗೆ ಯಾವುದೋ ಬಸ್ಸು ರಿವರ್ಸ್ ಹೋಗುತ್ತ ಸಿಳ್ಳೆ ಕೂಗುತ್ತಿತ್ತು. ಮ್ಯಾನೇಜರ್ ಕನ್ನಡಕ ಹಾಕಿಕೊಂಡು ಪೆನ್ನು ಎತ್ತಿದರು.

“ಬ್ರೇಕ್ ಸರಿ ಇದೆ ಸಾರ್,” ಕಂಡಕ್ಟರನ ಬಾಯಿಂದ ಮಾತು ಜಾರಿತು. “ಕಾಲು ಸರಿ ಇಲ್ಲ.”

ಭಾವ ತಲೆ ಎತ್ತಲಿಲ್ಲ. ಕಂಡಕ್ಟರ್ ಎಲ್ಲವನ್ನೂ ಹೇಳಿದ: ಚಪ್ಪಲಿ, ಬೆಲ್ಟು, ರಬ್ಬರು, ತಾನು ಗೊತ್ತಿದ್ದೂ ಸುಮ್ಮನಿದ್ದದ್ದು. ಮುಗಿದ ಮೇಲೆ ಮ್ಯಾನೇಜರ್, “ಇಬ್ಬರೂ ಬಸ್ ಹತ್ತಬೇಡಿ,” ಎಂದಷ್ಟೇ ಹೇಳಿದರು. ಮೆಕ್ಯಾನಿಕ್ ಹೊರಗೆ ಬಂದು ಗೋಡೆಗೆ ಒರಗಿ ಕೂತುಬಿಟ್ಟ. ಭಾವ ಅವನ ಮುಂದೆ ಒಂದು ಗಳಿಗೆ ನಿಂತ. ಆಮೇಲೆ ಬಲಗಾಲನ್ನು ಎತ್ತಿ ಎತ್ತಿ ಇಡುತ್ತ ಗೇಟಿನ ಕಡೆ ಹೋದ. ಇನ್ನು ಮುಚ್ಚಿಡುವುದು ಏನೂ ಇರಲಿಲ್ಲವಾದ್ದರಿಂದ ಆ ‘ಟಪ್’ ಸದ್ದು ಇಡೀ ಅಂಗಳಕ್ಕೆ ಕೇಳಿಸಿತು.

ಅಕ್ಕ ಅಳಲಿಲ್ಲ, ಸಿಟ್ಟಾದಳು. “ಇಬ್ಬರೂ ಸೇರಿ ನನ್ನ ಕಣ್ಣಿಗೆ ಮಣ್ಣೆರಚಿದ್ರಿ. ನಾನು ಸಿಪಾಯಿ ಗಿಪಾಯಿ ಅಂತ ನಗ್ತಾ ಇದ್ದೆ. ನಗಿಸ್ಕೊಂಡು ಕೂತಿದ್ರಲ್ಲ!” ಎಂದು ಗಂಡನಿಗೆ. “ನಿನಗೆ ಗೊತ್ತಾದ ದಿನವೇ ನನ್ನ ಹತ್ರ ಬರ್ಬೇಕಿತ್ತು. ಮ್ಯಾನೇಜರ್ ಹತ್ರ ಅಲ್ಲ,” ಎಂದು ತಮ್ಮನಿಗೆ. ಭಾವ ಗೋಡೆಗೆ ಮುಖ ಮಾಡಿ ಮಲಗಿದ್ದ. ಕಂಡಕ್ಟರನ ಜೊತೆ ಅವನು ಮಾತು ಬಿಟ್ಟ. ಅಕ್ಕನೇ ಹಟ ಹಿಡಿದು, ಇಬ್ಬರನ್ನೂ ಆಟೋದಲ್ಲಿ ಕೂರಿಸಿಕೊಂಡು ಡಿಪೋದ ಡಾಕ್ಟರಮ್ಮನ ಹತ್ತಿರ ಹೊರಟಳು. ನಡುವೆ ಅವಳು, ಆಚೆ ಈಚೆ ಇವರು.

ಡಾಕ್ಟರಮ್ಮ ಕಡಿಮೆ ಮಾತಿನವರು. ಭಾವನನ್ನು ಮೇಜಿನ ಮೇಲೆ ಕೂರಿಸಿ, ಎರಡೂ ಕಾಲು ಬರಿದು ಮಾಡಿಸಿ, ಮುಟ್ಟದೆ ಸುಮಾರು ಹೊತ್ತು ನೋಡಿದರು. ಆಮೇಲೆ, “ನಾಲಿಗೆ ಹೊರಗೆ ಹಾಕಿ,” ಎಂದರು.

ಕಾಲಿನ ತೊಂದರೆಗೆ ನಾಲಿಗೆ ಯಾಕೆ ಎಂದು ಅಕ್ಕ ಕೇಳಿದಳು. “ಬೇರೆ ಕಡೆಯೂ ಸ್ನಾಯು ಸೊರಗಿದೆಯಾ ಅಂತ ನೋಡ್ಬೇಕು,” ಎಂದರು ಡಾಕ್ಟರಮ್ಮ. ಟಾರ್ಚು ಬಿಟ್ಟು ನಾಲಿಗೆ ನೋಡಿದರು, ಅಂಗೈ, ತೋಳು ನೋಡಿದರು, ತೊಡೆಯ ಮಾಂಸ ತಾನಾಗಿ ಮಿಡಿಯುತ್ತದೆಯೇ ಎಂದು ಕಾದು ನೋಡಿದರು. ಕೊನೆಗೆ ಅವರು ಸ್ಟೂಲು ಎಳೆದುಕೊಂಡು ಪಾದಗಳ ಎದುರು ಕೂತರು.

“ಎರಡೂ ಪಾದದ ಬೆರಳು ಮೇಲೆ ಮಾಡಿ.”

ಎಡಗಾಲಿನ ಬೆರಳುಗಳು ಮೇಲೆದ್ದವು. ಆಗ ಆ ಪಾದದ ಮೇಲ್ಭಾಗದಲ್ಲಿ, ಹೊರಗಡೆಯ ಹರಡಿನ ಗಂಟಿಗಿಂತ ಸ್ವಲ್ಪ ಮುಂದೆ, ಹುಣಸೆ ಬೀಜ ಚರ್ಮದಡಿ ಸೇರಿದ ಹಾಗೆ ಒಂದು ಮೆತ್ತನೆಯ ಉಬ್ಬು ಎದ್ದಿತು. ಬಲಗಾಲಿನ ಬೆರಳುಗಳು ಅಲುಗಲಿಲ್ಲ. ಉಬ್ಬು ಇರಬೇಕಾದಲ್ಲಿ ಗುಳಿ ಇತ್ತು.

“ಇಲ್ಲಿ ಮುಟ್ಟಿ ನೋಡಿ,” ಅವರು ಅಕ್ಕನ ಬೆರಳನ್ನು ಎಡಪಾದದ ಮೇಲೆ ಇಡಿಸಿದರು. “ಇದೊಂದು ಪುಟ್ಟ ಸ್ನಾಯು. ಬೆರಳುಗಳನ್ನ ಮೇಲೆತ್ತೋಕೆ ಸಹಾಯ ಮಾಡತ್ತೆ. ಕಾಲು ಉಳುಕಿಸ್ಕೊಂಡು ಬಂದೋರು ಎಷ್ಟೋ ಜನ ಇದನ್ನೇ ಬಾವು ಅಂದ್ಕೊಂಡು ಹೆದರ್ತಾರೆ. ಇದು ಇಲ್ದೇ ಇದ್ರೂ ಮನುಷ್ಯ ಆರಾಮಾಗಿ ನಡೀತಾನೆ. ಪಾದ ಎತ್ತೋ ದೊಡ್ಡ ಸ್ನಾಯು ಇಲ್ಲಿ, ಮೊಣಕಾಲಿನ ಕೆಳಗೆ ಮುಂದುಗಡೆ ಇದೆ. ಆದ್ರೆ ಎರಡಕ್ಕೂ ನರ ಒಂದೇ, ಆ ನರದ ಕೊನೇ ಮನೆ ಇದು. ನಲ್ಲಿ ನೀರು ಕಡಿಮೆ ಆದ್ರೆ ಮೊದಲು ಒಣಗೋದು ಕೊನೇ ಮನೆ ಅಲ್ವಾ? ಬಿಗಿ ಶೂ ಹಾಕೋರಿಗೆ ಎರಡೂ ಕಡೆ ಸೊರಗಿರಬಹುದು, ಅದಕ್ಕೆ ಅರ್ಥ ಇಲ್ಲ. ಇವರಿಗೆ ಒಂದೇ ಕಡೆ ಹೋಗಿದೆ.”

“ಲಕ್ವಾನಾ ಮೇಡಂ?” ಭಾವ ಕೇಳಿದ. ಅಷ್ಟು ದಿನ ಒಳಗೇ ಕೊಳೆಯುತ್ತಿದ್ದ ಮಾತು ಅದು.

“ತಡೀರಿ.” ಅವರು ಹತ್ತಿಯ ಎಳೆಯಿಂದ ಹೆಬ್ಬೆರಳು ಮತ್ತು ಅದರ ಪಕ್ಕದ ಬೆರಳಿನ ಸಂದಿಯನ್ನು ಸವರಿದರು. “ತಿಳಿಯತ್ತಾ?” “ಇಲ್ಲ.” ಪಾದವನ್ನು ಒಳಮುಖವಾಗಿ ತಿರುಗಿಸಲು ಹೇಳಿ, ತಮ್ಮ ಕೈಯಿಂದ ತಡೆದರು. ಪಾದ ಅವರ ಕೈಯನ್ನೇ ತಳ್ಳಿತು. ಅವರ ಮುಖ ಒಂದಿಷ್ಟು ಸಡಿಲವಾಯಿತು. “ಇದಕ್ಕೆ ಶಕ್ತಿ ಇದೆ. ಹಾಗಾದ್ರೆ ತೊಂದರೆ ಬೆನ್ನಲ್ಲಿ ಅಲ್ಲ, ತಲೆಯಲ್ಲೂ ಅಲ್ಲ ಅನ್ಸತ್ತೆ.” ಆಮೇಲೆ ಮಂಡಿಯ ಹೊರಬದಿಯಲ್ಲಿ, ಸಣ್ಣ ಮೂಳೆಯ ತಲೆ ಚರ್ಮಕ್ಕೆ ತಾಗುವ ಕಡೆ, ಬೆರಳಿನಿಂದ ಟಕ್ ಟಕ್ ಎಂದು ತಟ್ಟಿದರು.

ಭಾವ ಮೇಜಿನ ಮೇಲಿಂದ ಹಾರಿಬಿದ್ದ. “ಅಯ್ಯೋ! ಕರೆಂಟ್ ಹೊಡೆದ ಹಾಗಾಯ್ತು, ಪಾದದವರೆಗೂ!”

“ಇಲ್ಲೇ ನರಾನ ಯಾವುದೋ ಒತ್ತುತ್ತಾ ಇದೆ,” ಎಂದರು ಡಾಕ್ಟರಮ್ಮ. “ನರ ಇನ್ನೂ ಬದುಕಿದೆಯಾ ಅನ್ನೋದನ್ನ ದೊಡ್ಡ ಆಸ್ಪತ್ರೆಯಲ್ಲಿ ನೋಡ್ಬೇಕು. ತಡ ಮಾಡೋ ಹಾಗಿಲ್ಲ. ಆ ಬೆಲ್ಟು ಎಲ್ಲಿ ಬಿಗೀತಿದ್ರಿ?”

ಭಾವ ತೋರಿಸಿದ. ಸರಿಯಾಗಿ ಅದೇ ಜಾಗ.

“ಬಿದ್ದೋನ ಮೇಲೆ ಕಲ್ಲು ಹೇರಿದ ಹಾಗೆ ಮಾಡಿದ್ದೀರಿ,” ಎಂದರು ಅವರು, ಬಯ್ಯುವ ದನಿಯಲ್ಲಲ್ಲ. ಅಕ್ಕ ಮುಖ ಆಚೆ ತಿರುಗಿಸಿಕೊಂಡಳು.

ಆಸ್ಪತ್ರೆಯ ಪರೀಕ್ಷೆಯ ಕೋಣೆ ಸಣ್ಣದು, ತಣ್ಣಗಿತ್ತು. ಒಬ್ಬರು ಮಾತ್ರ ಜೊತೆಗಿರಬಹುದು ಎಂದರು. ಅಕ್ಕ ತಮ್ಮನನ್ನು ಮುಂದೆ ದೂಡಿದಳು; “ನನ್ನ ಕೈಲಾಗಲ್ಲ, ನೀನು ಹೋಗು.” ಭಾವ ಬೇಡವೆನ್ನಲಿಲ್ಲ, ಬಾ ಎಂದೂ ಕರೆಯಲಿಲ್ಲ.

ಟೆಕ್ನಿಷಿಯನ್ ಮೊದಲು ಎಡಪಾದದ ಆ ಪುಟ್ಟ ಉಬ್ಬಿನ ಮೇಲೆ ಬಿಲ್ಲೆಯೊಂದನ್ನು ಅಂಟಿಸಿದಳು. ಹರಡಿನ ಬಳಿ ಸಣ್ಣ ಶಾಕ್ ಕೊಟ್ಟಳು. ಬೆರಳುಗಳು ಕುಪ್ಪಳಿಸಿದವು, ಪರದೆಯ ಮೇಲೆ ಗೆರೆಯೊಂದು ಗುಡ್ಡದಂತೆ ಎದ್ದು ಇಳಿಯಿತು. ಆಮೇಲೆ ಬಲಪಾದ. ಶಾಕ್ ಕೊಟ್ಟಳು. ಗೆರೆ ನೆಟ್ಟಗೆ ಹೋಯಿತು. ಬಲ ಹೆಚ್ಚಿಸಿದಳು. ಭಾವ ಹಲ್ಲು ಕಚ್ಚಿದ. ಗೆರೆ ನೆಟ್ಟಗೇ ಇತ್ತು. ಬಿಲ್ಲೆಯನ್ನು ಒಂದಿಷ್ಟು ಸರಿಸಿ ಮತ್ತೆ ನೋಡಿದಳು. ಸತ್ತ ಕೆರೆಯ ನೀರಿನ ಹಾಗೆ ಗೆರೆ.

“ಹೋಯ್ತಾ?” ಭಾವ ಕೇಳಿದ.

ಅವಳು ಬಿಲ್ಲೆ ಕಿತ್ತು, ಮೊಣಕಾಲಿನ ಕೆಳಗೆ ಮುಂದುಗಡೆಯ ದೊಡ್ಡ ಸ್ನಾಯುವಿನ ಮೇಲೆ ಅಂಟಿಸಿದಳು. ಭಾವನ ಕೈ ಮಂಚದ ಅಂಚಿನಲ್ಲಿ ಏನನ್ನೋ ತಡಕುತ್ತಿತ್ತು. ಕಂಡಕ್ಟರ್ ತನ್ನ ಕೈ ಕೊಟ್ಟ. ಭಾವ ಮುಖ ತಿರುಗಿಸಿಕೊಂಡೇ ಅದನ್ನು ಮುರಿಯುವಷ್ಟು ಬಿಗಿಯಾಗಿ ಹಿಡಿದ. ಶಾಕ್. ನೆಟ್ಟಗಿದ್ದ ಗೆರೆಯಲ್ಲಿ ಒಂದು ಸಣ್ಣ ಅಲೆ ಎದ್ದಿತು. ಇನ್ನೊಂದು ಶಾಕ್. ಮತ್ತೆ ಅದೇ ಅಲೆ, ಇರುವೆಯ ಗೂಡಿನಷ್ಟು ಎತ್ತರ.

“ಜೀವ ಇದೆ,” ಎಂದಳು ಅವಳು. “ಕಡಿಮೆ ಇದೆ, ಆದ್ರೆ ಇದೆ.”

ಸ್ಕ್ಯಾನಿನಲ್ಲಿ ಒತ್ತುತ್ತಿದ್ದದ್ದು ಏನೆಂದು ಸಿಕ್ಕಿತು. ಮಂಡಿಯ ಪಕ್ಕದ ಕೀಲಿನಿಂದ ಸೋರಿದ ಅಂಟುನೀರು ನರದ ಹೊದಿಕೆಯೊಳಗೇ ನುಗ್ಗಿ, ದ್ರಾಕ್ಷಿಯಂತೆ ಗಂಟು ಕಟ್ಟಿತ್ತು. ಕ್ಯಾನ್ಸರ್ ಅಲ್ಲ, ಲಕ್ವವೂ ಅಲ್ಲ. ಸರ್ಜನ್ ಅದನ್ನು ತೆಗೆದರು. ಹೊರಗೆ ಬಂದು, “ಒತ್ತಡ ಹೋಯ್ತು. ಆದ್ರೆ ನರ ಬಹಳ ನಿಧಾನವಾಗಿ ಬೆಳೆಯತ್ತೆ, ದಿನಕ್ಕೆ ಸುಮಾರು ಒಂದು ಮಿಲಿಮೀಟರ್ ಅಷ್ಟೆ. ಪಾದ ಎದ್ದರೂ ಏಳಬಹುದು, ಏಳದೆಯೂ ಇರಬಹುದು. ಈಗಲೇ ಮಾತು ಕೊಡಲ್ಲ,” ಎಂದರು.

ಅಲ್ಲಿಂದ ಶುರುವಾದ ಕಾಯುವಿಕೆ ಆ ಇಳಿಜಾರಿಗಿಂತ ಕೆಟ್ಟದಾಗಿತ್ತು. ಇಳಿಜಾರಾದರೂ ಒಂದು ಕಡೆ ಮುಗಿಯುತ್ತದೆ. ಭಾವ ಪಾದಕ್ಕೆ ಪ್ಲಾಸ್ಟಿಕ್ಕಿನ ಆಸರೆ ಕಟ್ಟಿಕೊಂಡು ಕುರ್ಚಿಯಲ್ಲಿ ಕೂತು, ತನ್ನ ಕಾಲನ್ನೇ ದುರುಗುಟ್ಟಿ ನೋಡುತ್ತ, “ಏಳು,” ಎನ್ನುತ್ತಿದ್ದ. ಏಳುತ್ತಿರಲಿಲ್ಲ. ವಿಚಾರಣೆಯಲ್ಲಿ ಕಂಡಕ್ಟರನಿಗೆ ಎಚ್ಚರಿಕೆ ಕೊಟ್ಟು ಬೇರೆ ಬಸ್ಸಿಗೆ ಹಾಕಿದರು. ಭಾವನ ವಿಷಯವನ್ನು ಕಾಲು ತೀರ್ಮಾನಿಸಲಿ ಎಂದು ಬಿಟ್ಟಿದ್ದರು. ಕಂಡಕ್ಟರ್ ಭಾನುವಾರಗಳಂದು ಬರುತ್ತಿದ್ದ. ಅಕ್ಕ ಮಾತಾಡುತ್ತಿದ್ದಳು, ಭಾವ ರೇಡಿಯೊ ಜೋರು ಮಾಡುತ್ತಿದ್ದ. ಒಂದು ದಿನ ಮೆಕ್ಯಾನಿಕ್ ಕೂಡ ಬಂದ. ಭಾವ ಅವನನ್ನು ಕೂರಿಸಿ, ಎರಡೂ ಕೈ ಹಿಡಿದು, ಏನೂ ಹೇಳಲಾಗದೆ ಕೂತ. “ಆಗ್ಲಿ ಬಿಡಿ ಅಣ್ಣ,” ಎಂದ ಅವನು. ಆದರೆ ನೀರು ಕೂಡ ಕುಡಿಯದೆ ಎದ್ದು ಹೋದ.

ಚಳಿ ಕಳೆದು ಬಿಸಿಲು ಬಲಿಯುವ ಹೊತ್ತಿಗೆ ಒಂದು ಮಧ್ಯಾಹ್ನ ಅಕ್ಕ ಬಟ್ಟೆ ಮಡಿಸುತ್ತಿದ್ದಳು. “ಲೇ, ಇಲ್ಲಿ ನೋಡು,” ಎಂದು ಭಾವ ಕೂಗಿದ ಧ್ವನಿಗೆ ಏನೋ ಅನಾಹುತವಾಯಿತೆಂದು ಓಡಿ ಬಂದಳು. ಬಲಪಾದದ ಮುಂಭಾಗ ನೆಲದಿಂದ ಒಂದು ಬೆರಳಿನ ದಪ್ಪಕ್ಕೆ ಎದ್ದು ನಡುಗುತ್ತಿತ್ತು. ಅವಳು ನೆಲದ ಮೇಲೆ ಕೂತು, ಅದು ಬೀಳುವವರೆಗೂ ಉಸಿರು ಹಿಡಿದು ನೋಡಿದಳು. “ಇನ್ನೊಂದ್ಸಲ,” ಎಂದಳು. ಎದ್ದಿತು.

ಮುಂದಿನ ವರ್ಷದ ಮಳೆ ಮುಗಿದ ಮೇಲೆ ಡಾಕ್ಟರಮ್ಮ ಅವನನ್ನು ಮತ್ತೆ ಅದೇ ಮೇಜಿನ ಮೇಲೆ ಕೂರಿಸಿದರು. ಪಾದದ ಮೇಲೆ ತಮ್ಮ ಅಂಗೈ ಇಟ್ಟು ಬಲವಾಗಿ ಒತ್ತಿ, “ಎತ್ತಿ,” ಎಂದರು. ಪಾದ ಅವರ ಕೈಯನ್ನು ಎತ್ತಿತು. ಮತ್ತೆ, ಮತ್ತೆ, ಅವನು ಸುಸ್ತಾಗುವವರೆಗೆ ಎತ್ತಿಸಿದರು. ಆಮೇಲೆ ಬೆರಳುಗಳನ್ನು ನೋಡಿದರು. ಹೆಬ್ಬೆರಳು ಎದ್ದಿತು, ಉಳಿದವು ಅರೆಮನಸ್ಸಿನಿಂದ. ಉಬ್ಬು ಇರಬೇಕಾದಲ್ಲಿ ಈಗಲೂ ಗುಳಿಯೇ ಇತ್ತು.

“ಈ ಪುಟ್ಟದು ವಾಪಸ್ ಬರಲ್ಲ,” ಎಂದರು. “ಇಷ್ಟು ದೂರ ನರ ಬರೋ ಹೊತ್ತಿಗೆ ಅದು ಸೊರಗಿ ನಾರಾಗಿದೆ. ಬ್ರೇಕಿಗೆ ಅದು ಬೇಕಾಗಿಲ್ಲ. ಗಾಡಿ ಓಡಿಸಿ ತೋರಿಸಿ, ಆಮೇಲೆ ಹೇಳ್ತೀನಿ.”

ಪರೀಕ್ಷೆ ಡಿಪೋದ ಹಿಂದಿನ ಖಾಲಿ ಅಂಗಳದಲ್ಲಿ ನಡೆಯಿತು. ಇನ್ಸ್‌ಪೆಕ್ಟರ್ ಪಕ್ಕದಲ್ಲಿ ಕೂತು, ಯಾವ ಗಳಿಗೆಯಲ್ಲಾದರೂ ಕೆಂಪು ಬಾವುಟ ಎತ್ತುತ್ತೇನೆ, ತಕ್ಷಣ ನಿಲ್ಲಿಸಬೇಕು ಎಂದರು. ಗೋಡೆಯ ಪಕ್ಕ ಡಿಪೋದವರೆಲ್ಲ ಬಂದು ನಿಂತಿದ್ದರು. ಮೆಕ್ಯಾನಿಕ್ ಕೂಡ ಇದ್ದ, ದೂರದಲ್ಲಿ. ಕಂಡಕ್ಟರ್ ನೋಡಲಾರದೆ ಬಸ್ಸು ತೊಳೆಯುವ ತೊಟ್ಟಿಯ ಹಿಂದೆ ಹೋಗಿ ಸದ್ದು ಮಾತ್ರ ಕೇಳುತ್ತಿದ್ದ. ಎಂಜಿನ್ ಏರಿತು. ಏರುತ್ತಲೇ ಹೋಯಿತು. ಅವನು ಕಣ್ಣು ಮುಚ್ಚಿದ. ಎಂಜಿನ್ನಿನ ಸದ್ದು ಕತ್ತರಿಸಿದ ಹಾಗೆ ಇಳಿಯಿತು, ಟೈರು ಕಿರುಗುಟ್ಟಿತು, ನಿಂತಿತು. ಮತ್ತೆ ಏರಿತು. ಮತ್ತೆ ನಿಂತಿತು. ಎಷ್ಟು ಸಲ ಎಂದು ಅವನು ಎಣಿಸಲಿಲ್ಲ. ಕೊನೆಗೆ ಯಾರೋ ಚಪ್ಪಾಳೆ ತಟ್ಟಿದರು.

ಭಾವನಿಗೆ ಕೆಲಸ ಸಿಕ್ಕಿತು, ಆದರೆ ಪೇಟೆಯ ಒಳಗಿನ ಸಮತಟ್ಟು ದಾರಿಯಲ್ಲಿ ಮಾತ್ರ, ವರ್ಷಕ್ಕೆರಡು ಸಲ ಕಾಲು ತೋರಿಸುವ ಷರತ್ತಿನ ಮೇಲೆ. ಗುಡ್ಡದ ದಾರಿ ಇನ್ನು ಅವನದಲ್ಲ. ತಲೆ ಆಡಿಸಿ ಒಪ್ಪಿಕೊಂಡ. ಜನ ಚದುರಿದ ಮೇಲೆ ಅವನು ತೊಟ್ಟಿಯ ಹಿಂದೆ ಬಂದು, ಕಂಡಕ್ಟರನ ಪಕ್ಕ ಒದ್ದೆ ಕಟ್ಟೆಯ ಮೇಲೆ ಕೂತ.

“ನಿನ್ನ ಜಾಗದಲ್ಲಿ ನಾನಿದ್ದಿದ್ರೆ ಬಾಯಿ ಬಿಡ್ತಿರ್ಲಿಲ್ಲ ಕಣೋ,” ಎಂದ ಭಾವ. “ಸುಳ್ಳು ಹೇಳ್ತಿಲ್ಲ. ನಿನಗೋಸ್ಕರ ಆ ಮೆಕ್ಯಾನಿಕ್‌ನ ಮುಳುಗಿಸಿಬಿಡ್ತಿದ್ದೆ.”

“ಗೊತ್ತು ಭಾವ.”

“ಗೊತ್ತಿದ್ದೂ ಭಾನುವಾರ ಭಾನುವಾರ ಬರ್ತಿದ್ದೆಯಲ್ಲ.”

“ಅಕ್ಕನ ಮನೆ ಅದು,” ಎಂದ ಕಂಡಕ್ಟರ್. “ನಿಮ್ಮನ್ನ ನೋಡೋಕೆ ಯಾರು ಬರ್ತಾರೆ?”

ಭಾವನಿಗೆ ನಗು ಬಂತು. ನಗುತ್ತಲೇ ಎದ್ದು, ಮೆಕ್ಯಾನಿಕ್ ಇನ್ನೂ ಹೋಗಿಲ್ಲವೆಂದು ನೋಡಿ, ಅವನಿದ್ದ ಕಡೆ ನಡೆದ. ಅವನ ಹೆಜ್ಜೆ ಈಗಲೂ ಪೂರಾ ಸಮ ಇರಲಿಲ್ಲ.